ನೋಡಿದ್ದು, ಕಂಡದ್ದು

ದೀಪ ಹಸಿರೋ ನೀಲಿಯೋ, ಮಿಟುಕಿ ಮಿಟುಕಿ ನಿಂತಿತು, ತಲೆಗೆ ಮೆತ್ತಿದ ತಣ್ಣನೆಯ ಅಂಟು ಕಿವಿಯ ಹಿಂದೆ ಇಳಿಯುತ್ತಿದೆ, ಒರೆಸಿಕೊಳ್ಳಬಾರದಂತೆ, ಅಲ್ಲಾಡಬಾರದಂತೆ, ಇಷ್ಟು ತಂತಿ ಮುಡಿದು ಆಸ್ಪತ್ರೆಯಲ್ಲಿ ಕೂತವಳನ್ನು ಕುರಿಗಳು ಕಂಡರೆ ಬೇಲಿ ಹಾರಿ ಓಡಿಯಾವು — ನಗಬೇಡಿ ಅಮ್ಮಾ, ಗೆರೆ ಕುಣಿಯುತ್ತೆ, ಎಂದಳು ಯಂತ್ರದ ಮುಂದೆ ಕೂತ ಹುಡುಗಿ. ಪರದೆಯ ಮೇಲೆ ಚಿತ್ರಗಳು ಬರುತ್ತವೆ, ಆಗಲೇ ಒಮ್ಮೆ ಬಂದು ಹೋದದ್ದಾದರೆ ಗುಂಡಿ ಒತ್ತಬೇಕು, ಅಷ್ಟೇ. ಬೀಗ. ಕೊಡೆ. ಕತ್ತರಿ. ಕೊಡೆ — ಒತ್ತಿದಳು, ತಡವಾಯಿತೋ ಏನೋ. ಪರೀಕ್ಷೆಯಲ್ಲಿ ಮರೆವು ಎಂದು ಬಂದರೆ ಕುರಿಮಂದೆ ಮೈದುನನ ಕೈಗೆ, ಅವಳಿಗೆ ಒಲೆಯ ಮುಂದಿನ ಮಣೆ. ನೆನಪಿಗೆ ಮಂಜು ಕವಿದಿದೆ ಅತ್ತಿಗೆ, ಒಪ್ಕೊಂಡ್ಬಿಡಿ, ಎಂದವನು ಬಾಗಿಲಾಚೆ ಬೆಂಚಿನ ಮೇಲೆ ಕಾಲು ಕುಣಿಸುತ್ತ ಕೂತಿದ್ದಾನೆ. ಸಂಜೆ ಮಂದೆ ಬಂದಾಗ ಮರಿಗಳನ್ನು ತಾಯಿಗೆ ಬಿಡುವುದು ಮದುವೆಯಾಗಿ ಬಂದಾಗಿನಿಂದ ಅವಳದೇ ಕೆಲಸ, ಮೂತಿ ನೋಡಿದರೆ ಸಾಕು, ಇದು ಅದರದ್ದು, ಅದು ಇದರದ್ದು, ಅತ್ತೆ ಹೇಳುತ್ತಿದ್ದರು, ನಿಂದು ಕಣ್ಣಲ್ಲ ಕಣೇ, ಅಚ್ಚು. ಆ ಅಚ್ಚೇ ಒಂದು ಸಂಜೆ ತಪ್ಪಿತು, ಬಿಳಿ ಕಿವಿಯ ಮರಿಯನ್ನು ಯಾವುದೋ ಕುರಿಯ ಕೆಚ್ಚಲಿಗೆ ಹಿಡಿದಳು, ಆ ಕುರಿ ಹಾಯ್ದ ರಭಸಕ್ಕೆ ಮರಿಯ ಕಾಲು ಮುರಿಯಿತು, ಬಿಳಿ ಕಿವಿ, ಎಡಗಿವಿಯೋ ಬಲಗಿವಿಯೋ —

ಮನಸ್ಸು ಎಲ್ಲಿ ಹೋಯ್ತಮ್ಮಾ? ಮಿದುಳಿನ ಅಲೆ ಉಬ್ಬಿಬಿಡ್ತು ನೋಡಿ, ಕಣ್ಣು ಮುಚ್ಚಿ ಕೂತೋರ ಥರ. ತಲೆಯೊಳಗೂ ಅಲೆಯೇ, ಅವಳು ಕಂಡದ್ದು ಕೆರೆಯದು ಮಾತ್ರ, ಗಾಳಿ ಎದ್ದರೆ ನೀರಿನಲ್ಲಿ ಮುಖ ಒಡೆದು ಚೂರಾಗುತ್ತದೆ, ಇಲ್ಲೂ ಹಾಗೆಯೇ ಏನೋ — ಗಮನ ಇಲ್ದೆ ನೋಡಿದ್ದು ಒಳಗೆ ಇಳಿಯೋದೇ ಇಲ್ಲ, ಅದನ್ನ ಮರೆವು ಅನ್ನಲ್ಲ, ಅನ್ನುತ್ತಾಳೆ ಹುಡುಗಿ. ಹಾಗಾದರೆ ಅವಳು ಮರೆತಿಲ್ಲ, ನೋಡಿಯೇ ಇರಲಿಲ್ಲ, ಆ ಸಂಜೆ ಮೈದುನ ಬೆನ್ನ ಹಿಂದೆ ನಿಂತು ಮಂದೆಯ ಪಾಲಿನ ಮಾತು ಎತ್ತಿದ್ದ, ಕಿವಿ ಅಲ್ಲಿತ್ತು, ಕಣ್ಣು ಸುಮ್ಮನೆ ತೆರೆದಿತ್ತು, ಹೌದು, ಅಷ್ಟೇ, ಎದೆ ಹಗುರಾಯಿತು — ಬೀಗ, ಒತ್ತಿದಳು, ಬಾಚಣಿಗೆ, ಇದು ಹೊಸದು. ಆದರೆ ನೋಡಿಯೇ ಇರದಿದ್ದರೆ ಇದು ಎಲ್ಲಿಂದ ಬರುತ್ತಿದೆ, ಬೀಗದ ಹಿಂದೆ, ಬಾಚಣಿಗೆಯ ಹಿಂದೆ, ಎಡಗಿವಿ, ಹೌದು ಎಡಗಿವಿಯೇ, ತುದಿ ಮಾತ್ರ ಬಿಳಿ, ಮೂಗಿಗೆ ಅಂಟಿದ ಹುಲ್ಲಿನ ಎಸಳು, ಇಷ್ಟು ನಿಚ್ಚಳವಾಗಿ ಕಂಡದ್ದನ್ನು ಕಾಣಲಿಲ್ಲ ಎನ್ನುವುದು ಹೇಗೆ, ಕಂಡಿದ್ದರೆ ಕೈ ಯಾಕೆ ಬೇರೆ ಕುರಿಯತ್ತ ಹೋಯಿತು — ಒತ್ತಿ ಅಮ್ಮಾ, ಬಂದಿತ್ತೋ ಇಲ್ವೋ? ಬೆರಳು ಗುಂಡಿಯ ಮೇಲೇ ಇದೆ, ಪರದೆಯಲ್ಲಿ ಏನಿದೆಯೋ, ಅವಳಿಗೆ ಕಾಣುತ್ತಿರುವುದು ಮರಿ, ಮುಂಗಾಲು ನೆಲಕ್ಕೆ ಊರಿ, ಕೊಟ್ಟ ಕೆಚ್ಚಲಿಗೆ ಬಾಯಿ ಹಾಕದೆ, ಅವಳ ಹಿಡಿತದಲ್ಲೇ ಕತ್ತು ಹೊರಳಿಸಿ, ಬೇಲಿಯ ಬಳಿ ಕೂಗುತ್ತಿದ್ದ ತಾಯಿಯ ಕಡೆ ನೋಡುತ್ತಿರುವ ಮರಿ.