ನಾಲ್ಕನೆಯ ಬಟ್ಟಲು

ಉಗುಳುವುದನ್ನೇ ಮರೆತು ಅವಳು ನುಂಗಿಬಿಟ್ಟಳು. ಬೆಳೆಗಾರರ ಸಂಘದ ಉದ್ದನೆಯ ಮೇಜಿನ ಮೇಲೆ ಆರು ಬಟ್ಟಲು ಕಾಫಿ. ಚಮಚದಲ್ಲಿ ಸೊರ್ರೆಂದು ಹೀರಿ, ನಾಲಗೆಯ ಮೇಲೆ ಆಡಿಸಿ, ಉಗುಳಿ, ಹತ್ತಕ್ಕೆ ಇಷ್ಟೆಂದು ಬರೆಯಬೇಕು. ಬಟ್ಟಲಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ; ಹಾಗಾಗಿ ಬೆಳೆದವರೂ ರುಚಿ ನೋಡಬಹುದೆಂದು ಕಾರ್ಯದರ್ಶಿ ಅವಳನ್ನೂ ಸೇರಿಸಿ ಮೂವರನ್ನು ಕೂರಿಸಿದ್ದ. ಗೆದ್ದವರ ಬೆಳೆಯನ್ನು ದೂರದ ವ್ಯಾಪಾರಿಯೊಬ್ಬ ಪೂರ್ತಿ ಕೊಳ್ಳುವವನಿದ್ದ.

ನಾಲ್ಕನೆಯದು ಜೇನಿನ ಹಾಗೆ ಗಂಟಲಲ್ಲೇ ನಿಂತಿತು. ಓರಗಿತ್ತಿಯದೇ, ಅನುಮಾನವೇ ಇಲ್ಲ. ಪಾಲಾಗುವಾಗ ಹಿರಿಸೊಸೆಯೆಂದು ನೆರಳಿರುವ ಮೇಲಿನ ತೋಟ ಆರಿಸಿಕೊಂಡವಳು ತಾನು. ಕಲ್ಲುನೆಲ ಕೊಟ್ಟರೂ ಓರಗಿತ್ತಿ ತುಟಿಪಿಟಕ್ಕೆನ್ನಲಿಲ್ಲ. ಕೆಂಪು ಹಣ್ಣನ್ನಷ್ಟೇ ಆರಿಸಿ ಕೀಳುವ ಅವಳ ತಾಳ್ಮೆಯನ್ನು ಊರೆಲ್ಲ ಹೊಗಳುತ್ತಿತ್ತು. "ತಮ್ಮನ ಹೆಂಡ್ತೀನ ನೋಡಿ ಕಲಿ" ಎಂದು ಗಂಡನೂ ಊಟದ ನಡುವೆ ಅಂದಿದ್ದ. ಹಟಕ್ಕೆ ಬಿದ್ದು ಈ ಸಲ ತಾನೂ ಹಾಗೇ ಕಿತ್ತಿದ್ದಳು. ಬಂದದ್ದು ಬೆನ್ನುನೋವು.

ಮೂರು ಎಂದು ಬರೆದಳು.

"ಅಕ್ಕಾ, ನಾಲ್ಕನೇದಕ್ಕೆ ಮೂರೇನಾ?" ಕಾರ್ಯದರ್ಶಿ ಚೀಟಿ ನೋಡಿ ಕೇಳಿದ. "ಇವರಿಬ್ಬರೂ ಒಂಬತ್ತು ಕೊಟ್ಟಿದಾರೆ. ಇನ್ನೊಂದ್ಸಲ ನೋಡ್ತೀರಾ?"

"ನೋಡಿದ್ದಾಯ್ತು. ಹುಳಿ."

ಅವನು ಕೂಡಿಸಿದ. "ಎರಡು ಅಂಕದಿಂದ ಎರಡನೇ ಬಟ್ಟಲು ಮುಂದೆ." ಹೆಸರಿನ ಚೀಟಿ ಬಿಡಿಸಿದ. "ನಿಮ್ಮ ಓರಗಿತ್ತೀದು." ನಾಲ್ಕರದನ್ನೂ ಬಿಡಿಸಿ, ದನಿ ತಗ್ಗಿಸಿ ಹೇಳಿದ: "ಇದು ನಿಮ್ದೇ ಅಕ್ಕಾ."

ಅವಳು ಬೆಂಚಿನ ಅಂಚು ಹಿಡಿದುಕೊಂಡಳು. ಇಪ್ಪತ್ತು ವರ್ಷ ಕಾಫಿ ಬೆಳೆದಿದ್ದಳು. ತನ್ನ ತೋಟದ ಒಳ್ಳೆಯ ಬೀಜದ ರುಚಿ ಗೊತ್ತಿರಲಿಲ್ಲ. ಒಳ್ಳೆಯದೆಲ್ಲ ಮೂಟೆ ಸೇರಿ ಹೋಗುತ್ತಿತ್ತು, ಮನೆಗೆ ಉಳಿಯುತ್ತಿದ್ದುದು ಒಡಕು, ಉದುರಿದ್ದು.

ಜಗಲಿಯಲ್ಲಿ ಕಾಯುತ್ತಿದ್ದ ಓರಗಿತ್ತಿ ಓಡಿ ಬಂದು ಅವಳ ಎರಡೂ ಕೈ ಹಿಡಿದಳು. ಕಣ್ಣು ತುಂಬಿತ್ತು. "ನೀವು ಒಳಗಿದ್ರಲ್ಲ ಅಕ್ಕಾ, ಅದಕ್ಕೇ ಧೈರ್ಯವಾಗಿದ್ದೆ. ನನ್ನದು ಅಂತ ಗೊತ್ತಾಯ್ತಾ ನಿಮಗೆ?"

"ಇಲ್ಲ ಕಣೇ," ಎಂದಳು. "ಗೊತ್ತಾಗಲಿಲ್ಲ."

ಹೊರಗೆ ಕಾರ್ಯದರ್ಶಿ ಬಟ್ಟಲುಗಳನ್ನು ಒಂದೊಂದಾಗಿ ಗಿಡದ ಬುಡಕ್ಕೆ ಚೆಲ್ಲುತ್ತಿದ್ದ. ಒಣಮಣ್ಣು ಎಲ್ಲವನ್ನೂ ಒಂದೇ ಸಮನೆ ಹೀರಿಕೊಳ್ಳುತ್ತಿತ್ತು.