ನಲ್ಲಿಗೆ ನೀರು ಹೊತ್ತವರು

"ಮುಂದಿನ ಮಳೆಗಾಲದೊಳಗೆ ನಿಮ್ಮೂರಿಗೆ ನಲ್ಲಿ ನೀರು!" ಎಂದು ಜನರಲ್ ಟೆಕ್ಪೊ ಸೇನೆಯ ಟ್ಯಾಂಕಿನ ಮೇಲೆ ನಿಂತು ಮಾತು ಕೊಟ್ಟಾಗ ನನ್ನವ್ವನ ಸೊಂಟ ಇನ್ನೂ ನೆಟ್ಟಗಿತ್ತು. ಆಮೇಲೆ ಅವರು ಸಮವಸ್ತ್ರ ಕಳಚಿ ಸೂಟು ತೊಟ್ಟರು. ಎದುರಿಗೆ ಯಾರನ್ನೂ ನಿಲ್ಲಗೊಡದೆ ಚುನಾವಣೆ ಗೆದ್ದು ಅಧ್ಯಕ್ಷರಾದರು. ಅವರ ಹೆಸರಿನಲ್ಲಿ ವಿಮಾನ ನಿಲ್ದಾಣ ಬಂತು, ಕ್ರೀಡಾಂಗಣ ಬಂತು, ನಾಣ್ಯದ ಮೇಲೆ ಮೂತಿಯೂ ಬಂತು. ನಾವು ಮಾತ್ರ ಹಂದಿ ಹೊರಳುವ ಹೊಂಡದಿಂದ ತಲೆಯ ಮೇಲೆ ನೀರು ಹೊರುತ್ತಲೇ ಇದ್ದೆವು.

ಮತ್ತೆ ಚುನಾವಣೆ ಬಂತು. ಚೌಕದಲ್ಲಿ ಒಂದು ಗೋಡೆ ಎದ್ದಿತು, ಗೋಡೆಗೆ ಹೊಳೆಯುವ ನಲ್ಲಿ. ಅದರ ಪೈಪು ಗೋಡೆಯ ಹಿಂದಿನ ಪೀಪಾಯಿಯಲ್ಲಿ ಮುಗಿಯುತ್ತಿತ್ತು. ಅಧ್ಯಕ್ಷರು ಉದ್ಘಾಟನೆಗೆ ಬರುವ ದಿನ ಜಿಲ್ಲಾಧಿಕಾರಿ ನೀರು ಹೊರುವ ಹೆಂಗಸರಾದ ನಮ್ಮನ್ನೆಲ್ಲ ಆ ಗೋಡೆಯ ಹಿಂದೆ ಕೂಡಿಹಾಕಿದ.

"ನಾತ ಹೊಡೆಯೋ ಮುಂಡೇವಾ, ಆಚೆ ತಲೆ ಹಾಕಿದ್ರೆ ಚರ್ಮ ಸುಲಿದುಬಿಡ್ತೀನಿ. ಪೀಪಾಯಿ ಬರಿದಾಗಬಾರದು, ಸುರೀತಾನೇ ಇರಿ."

"ಯಾವ ನೀರು, ದೊರೆ?" ಎಂದಳು ಡೆಡೆವಿ ಅಕ್ಕ.

"ನೀವು ಕುಡಿಯೋದೇ. ಫೋಟೋ ತೆಗೆಸ್ಕೊಂಡು ಹೋಗ್ತಾರೆ, ಯಾರು ಕುಡೀತಾರೆ ಅದನ್ನ?"

ಅವನು ರಾಜಧಾನಿಯವನು, ನಮ್ಮ ರೀತಿ ತಿಳಿಯದವನು. ನಮ್ಮಲ್ಲಿ ಬಂದವರಿಗೆ ಮೊದಲು ನೀರು. ಅವರು ಕುಡಿದು ಮುಗಿಸುವ ತನಕ ಯಾರೂ ಬಾಯಿ ಬಿಡುವಂತಿಲ್ಲ. ಕುಡಿಯದವನು ಜಗಳಕ್ಕೆ ಬಂದವನು ಎಂದೇ ಲೆಕ್ಕ.

ಅಧ್ಯಕ್ಷರು ನಲ್ಲಿ ತಿರುಗಿಸಿದರು. ಪೊಲೀಸ್ ಬ್ಯಾಂಡು ಮೊಳಗಿತು. ನಾವು ಗೋಡೆಯ ಸಂದಿಗೆ ಕಣ್ಣಿಟ್ಟು ಸುರಿದೆವು. ಊರ ಹಿರಿಯ ಅಗ್ಬೆಕೊ ಅಜ್ಜ ಸೋರೆಬುರುಡೆಗೆ ನಲ್ಲಿಯ ನೀರು ಹಿಡಿದು, ತಾನೊಂದು ಗುಟುಕು ಕುಡಿದು, ಅಧ್ಯಕ್ಷರ ಮುಂದೆ ಚಾಚಿದ.

ಅಧ್ಯಕ್ಷರು ಬುರುಡೆಯೊಳಗೆ ನೋಡಿದರು. ಏನೋ ಈಜುತ್ತಿತ್ತು.

"ಮೊದಲು ಭಾಷಣ..."

"ನೀರು ಕುಡೀದೆ ಎಂಥಾ ಮಾತು, ಮಗಾ? ನಿಮ್ಮವ್ವ ಈ ಸೀಮೆಯೋಳೇ ಅಲ್ವಾ?"

ಬ್ಯಾಂಡು ನಿಂತಿತು. ಜಿಲ್ಲಾಧಿಕಾರಿ ಬೆವರುತ್ತ ಗೋಡೆಯ ಹಿಂದಕ್ಕೆ ಓಡಿಬಂದ. "ಬೋಳಿಮುಂಡೇವಾ, ಏನ್ರೇ ಸುರಿದಿದ್ದೀರಿ?"

"ನೀವು ಹೇಳಿದ್ದೇ, ದೊರೆ," ಎಂದು ಡೆಡೆವಿ ಅಕ್ಕ ನಮ್ಮ ಕಡೆ ತಿರುಗಿದಳು. "ಏಳ್ರೇ. ಈ ನಲ್ಲೀಲಿ ನೀರು ಬಂತು ಅಂತ ಫೋಟೋ ಹಿಡಿದ್ರೆ, ನಿಜವಾದ ಪೈಪು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬರಾಕಿಲ್ಲ."

ನಾನೂ ಬಿಂದಿಗೆ ತಲೆಗೇರಿಸಿದೆ. ಸಾಲಾಗಿ ಚೌಕಕ್ಕೆ ನಡೆದೆವು. ಹಿಂದೆ ನಲ್ಲಿ ಗೊರಗೊರ ಎಂದು ಬತ್ತಿತು.

"ಕುಡಿಯಪ್ಪಾ ಜನರಲ್ಲು," ಎಂದಳು ಅಕ್ಕ. "ನಾಚ್ಕೋಬ್ಯಾಡ. ಸಾಲ್ದಿದ್ರೆ ಇಲ್ಲೈತೆ, ನಿನ್ನ ನಲ್ಲೀನ ಹೆತ್ತ ಬಿಂದಿಗೆ."

ಯಾರೋ ಕಿಸಕ್ಕೆಂದರು. ಆಮೇಲೆ ಚೌಕಕ್ಕೆ ಚೌಕವೇ ನಕ್ಕಿತು. ಬ್ಯಾಂಡಿನ ತುತ್ತೂರಿಯವನಂತೂ ಹೊಟ್ಟೆ ಹಿಡಿದು ಕೂತ. ಅಧ್ಯಕ್ಷರು ಬುರುಡೆಯನ್ನು ನಮ್ಮ ಹಿಂದೆಯೇ ಓಡಿಬಂದ ಜಿಲ್ಲಾಧಿಕಾರಿಯ ಕೈಗೆ ತುರುಕಿ ಕಾರು ಹತ್ತಿದರು. ಅಗ್ಬೆಕೊ ಅಜ್ಜ ಅವನನ್ನು ಮಾತ್ರ ಬಿಡಲಿಲ್ಲ. ಪೂರ್ತಿ ಕುಡಿಸಿದ.

ಮಾರನೆಯ ದಿನ ಸಿಪಾಯಿಗಳು ಬಂದು ನಲ್ಲಿಯನ್ನು ಬಿಚ್ಚಿಕೊಂಡು, ಡೆಡೆವಿ ಅಕ್ಕನನ್ನು ಎಳೆದುಕೊಂಡು ಹೋದರು. ಊರಿಗೆ ನೀರು ಬರಲಿಲ್ಲ.