ಅರ್ಧ ಡ್ರಮ್

ನೆಲ ಒಣಗಿತ್ತು. ಆ ಬೆಳಗನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಅದೇ: ಬಾಗಿಲಿನಿಂದ ಚಾಚಿದ ಬಿಸಿಲು, ಅದರಡಿ ಬೂದುಬಣ್ಣದ ಸಿಮೆಂಟು, ಎಲ್ಲಿಯೂ ಒಂದು ಹನಿಯಿಲ್ಲ.

ಆಗ ನಾನು ಊರಿನ ಬೇಸಾಯ ಸಂಘದ ಗೋದಾಮು ನೋಡಿಕೊಳ್ಳುತ್ತಿದ್ದೆ. ಊರಿನವರಿಗೆ ನಾನು 'ಬಾಯಾರು', ಅಂದರೆ ಅಮ್ಮಾವರು. ಒಂದು ಕಾಲಕ್ಕೆ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ನಡೆಯುತ್ತಿದ್ದ ಹಳೆಯ ಕಟ್ಟಡ. ಬಿತ್ತನೆಗೆ ಮುಂಚೆ ಕೀಟನಾಶಕ, ಕಳೆನಾಶಕಗಳ ಡ್ರಮ್ಮುಗಳು ಲಾರಿಗಟ್ಟಲೆ ಬಂದಿಳಿಯುತ್ತಿದ್ದವು. ಹಿಂಬದಿಯ ಇಳಿಜಾರಿನಲ್ಲಿ ಇಡೀ ಓಣಿಗೆ ನೀರು ಕೊಡುವ ಬಾವಿ. ಅದರ ಭಯಕ್ಕೇ ನಾನು ಹಟ ಹಿಡಿದು ಬಾಗಿಲಿಗೆ ಅಡ್ಡವಾಗಿ ಗೇಣೆತ್ತರದ ಒಡ್ಡು ಕಟ್ಟಿಸಿದ್ದೆ. ಡ್ರಮ್ಮುಗಳನ್ನು ಮರದ ಹಲಗೆಗಳ ಮೇಲೆ ನಿಲ್ಲಿಸಿ, ಮೂಲೆಯಲ್ಲಿ ಒಣ ಮರಳು ಸುರಿಸಿಟ್ಟಿದ್ದೆ. ಚೆಲ್ಲಿದರೆ ಚೆಲ್ಲಿದ್ದು ಒಳಗೇ ನಿಲ್ಲಬೇಕು.

ಅಂದು ಹಮಾಲ ಫಕೀರಪ್ಪ ಕಳೆನಾಶಕದ ಡ್ರಮ್ಮೊಂದನ್ನು ವಾಲಿಸಿದವನು ಹಾಗೇ ನಿಂತುಬಿಟ್ಟ.

"ಬಾಯಾರ, ಇದು ಹಗೂರ ಐತ್ರಿ."

ಅರ್ಧ ಖಾಲಿಯಾಗಿತ್ತು. ತಳದಲ್ಲಿ ಬೆಸುಗೆ ಬಿಟ್ಟಿತ್ತು. ಹಲಗೆ ಸರಿಸಿದರೆ ಅಡಿಯಲ್ಲಿ ತಟ್ಟೆಯಷ್ಟಗಲದ ನೀಲಿ ಕಲೆ, ಅಷ್ಟೇ. ನಾನು ಅದರ ಮೇಲೆ ಮರಳು ಹರವಿದೆ. ಆದರೆ ಅರ್ಧ ಡ್ರಮ್ ಔಷಧ ಎಲ್ಲಿ? ಒಡ್ಡಿನ ಬುಡ ಮುಟ್ಟಿ ನೋಡಿದೆ, ಗೋಡೆಯ ಮೂಲೆಗಳನ್ನು ನೋಡಿದೆ. ನೆಲ ಒಣಗಿತ್ತು.

ಸಂಘದ ಅಧ್ಯಕ್ಷ ದುಂಡಪ್ಪನವರು ಬಂದು ಒಂದು ಸುತ್ತು ಹಾಕಿದರು. "ಹರದಿಲ್ಲ ಅಂದಮ್ಯಾಲ ಯಾರೋ ತುಂಬ್ಕೊಂಡು ಹೋಗ್ಯಾರ. ಕೀಲಿ ಯಾರ ಕಡೆ ಇತ್ತು?"

ಫಕೀರಪ್ಪ ಸೊಂಟದಿಂದ ಕೀಲಿ ಬಿಚ್ಚಿ ಒಡ್ಡಿನ ಮೇಲಿಟ್ಟ. "ನಮ್ಮನಿ ಹುಡುಕ್ರಿ," ಎಂದು ಹೊರಗೆ ಹೋಗಿ ಬಿಸಿಲಲ್ಲಿ ಕುಳಿತ.

ಕಳುವಾಗಿದ್ದರೆ ಬಾವಿ ಉಳಿಯಿತು. ಹರಿದಿದ್ದರೆ ಫಕೀರಪ್ಪ ಉಳಿದ. ಎರಡರಲ್ಲಿ ಯಾವುದಕ್ಕಾಗಿ ಬೇಡಿಕೊಳ್ಳಬೇಕು ಎಂಬುದೇ ತಿಳಿಯಲಿಲ್ಲ. ತಿಳಿಯದೆಯೇ ಬಾವಿಯ ಕಡೆ ನಡೆದೆ. ಗಡಗಡೆಯಿಂದ ಹಗ್ಗ ಬಿಚ್ಚಿ ಸುತ್ತತೊಡಗಿದೆ.

ನೀರಿಗೆ ಬಂದು ಕೊಡ ಹಿಡಿದು ನಿಂತಿದ್ದ ಓಣಿಯ ತಂಗೆವ್ವನಿಗೆ ಸಿಟ್ಟು ಬಂತು. "ಯಾಕ್ರೀ ಬಾಯಾರ, ಏನಾಗೇತಿ?"

"ಗೊತ್ತಿಲ್ಲವ್ವಾ."

"ಗೊತ್ತಿಲ್ಲಂದ್ರ ಹಗ್ಗ ಯಾಕ ಬಿಚ್ಚತೀರಿ?"

"ಗೊತ್ತಿಲ್ಲಲಾ, ಅದಕ್ಕ."

ಅವಳು ನನ್ನ ಮುಖವನ್ನೇ ನೋಡಿದಳು. ಹುಚ್ಚು ಹಿಡಿದಿದೆಯೆಂದುಕೊಂಡಳೋ ಏನೋ. ಆದರೂ ಹಿಂದೆ ನಿಂತಿದ್ದವರಿಗೆ, "ಇವತ್ತ ಹಳ್ಳದ ಕಡೆ ನಡೀರಿ," ಎಂದು ಕೂಗಿ ಹೇಳಿದಳು. ಕೆಲವರು ಬೈದುಕೊಳ್ಳುತ್ತಲೇ ಹೋದರು.

ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಗೋದಾಮಿಗೆ ಮರಳಿದಾಗ ನಾನು ಹರವಿದ ಮರಳು ಬೇರೆಯಾಗಿ ಕಂಡಿತು. ನಡುವೆ ಬೆರಳಿನಿಂದ ಗೀಚಿದಂತೆ ಒಂದು ಗೆರೆ. ಯಾರೂ ಮುಟ್ಟಿರಲಿಲ್ಲ. ಬಾಗಿ ನೋಡುತ್ತಿದ್ದಂತೆಯೇ ಗೆರೆಯ ಅಂಚಿನ ಕಾಳುಗಳು ಮೆಲ್ಲಗೆ ಜಾರಿ ಒಳಗಿಳಿದವು. ನೆಲವೇ ಮರಳನ್ನು ಕುಡಿಯುತ್ತಿತ್ತು.

"ಫಕೀರಪ್ಪಾ!" ನಾನು ಕೂಗಿದೆ. "ಹಾರಿ ತಗೊಂಡು ಬಾ!"

ಹಾರೆಯ ಎರಡು ಪೆಟ್ಟಿಗೆ ಸಿಮೆಂಟು ಹಪ್ಪಳದಂತೆ ಮುರಿಯಿತು. ಅಡಿಯ ಚಪ್ಪಡಿಯ ಸಂದಿಗೆ ಹಾರೆ ಹಾಕಿ ಎಬ್ಬಿಸಿದರೆ ಕೆಳಗೆ ಪೊಳ್ಳು. ಜಿನ್ನಿಂಗ್ ಯಂತ್ರದ ಬೆಲ್ಟು ಓಡಾಡಲೆಂದು ತೋಡಿದ್ದ ಹಳೆಯ ಕಾಲುವೆ ಅದು. ಯಾವ ಕಾಲದಲ್ಲೋ ಯಾರೋ ಮೇಲೆ ಚಪ್ಪಡಿ ಹಾಸಿ, ತೆಳುವಾಗಿ ಸಿಮೆಂಟು ಗಿಲಾವು ಎಳೆದು ಮರೆತಿದ್ದರು. ಅದರ ಬಾಯಿ ಹಿಂಗೋಡೆಯಾಚೆ, ಬಾವಿಯ ಇಳಿಜಾರಿಗೆ ತೆರೆದಿತ್ತು.

ಬ್ಯಾಟರಿ ಬೆಳಕು ಬಿಟ್ಟು ಇಣುಕಿದೆ. ಔಷಧ ಇಳಿಜಾರಿನ ಕಡೆಗೇ ಹೊರಟಿತ್ತು. ಆದರೆ ಹೊರಗೆ ಬಿದ್ದಿರಲಿಲ್ಲ. ಕಾಲುವೆಯ ತುಂಬ ಜಿನ್ನಿಂಗ್ ಕಾಲದ ಹತ್ತಿಯ ಕಸ, ಯಾರೂ ಗುಡಿಸದೆ ಬಿಟ್ಟದ್ದು, ಹಾಸಿಗೆಯಂತೆ ಒತ್ತಿಕೊಂಡು ಕುಳಿತಿತ್ತು. ಅದೆಲ್ಲ ತೊಯ್ದು ನೀಲಿಯಾಗಿತ್ತು. ಬಾಯಿಯ ಬಳಿಯ ಒಂದು ಮೊಳ ಮಾತ್ರ ಇನ್ನೂ ಬೆಳ್ಳಗಿತ್ತು.

ನಾನು ಕಟ್ಟಿಸಿದ ಒಡ್ಡು ಏನನ್ನೂ ತಡೆದಿರಲಿಲ್ಲ. ತಡೆದದ್ದು ಯಾರದೋ ಸೋಮಾರಿತನ. ನಗಬೇಕೋ ಅಳಬೇಕೋ ತಿಳಿಯದೆ ಆ ಗುಂಡಿಯ ಅಂಚಿನಲ್ಲಿ ಕುಳಿತೆ.

ದುಂಡಪ್ಪನವರು ಕೀಲಿಯನ್ನು ಎತ್ತಿ ಫಕೀರಪ್ಪನ ಕಡೆ ಚಾಚಿದರು. "ತಗೋಪಾ."

"ನೀವಽ ಇಟ್ಕೋರಿ ಸಾಹೇಬ್ರ," ಎಂದ ಅವನು. "ಕೆಲಸಕ್ಕ ನಾ ಬರ್ತೀನಿ. ಕೀಲಿ ಬ್ಯಾಡ." ಆಮೇಲೂ ಅವನು ಅದನ್ನು ಮುಟ್ಟಲಿಲ್ಲ.

ಕಸವನ್ನು ಕೈಗವಸು ತೊಟ್ಟು ತೆಗೆದು ಖಾಲಿ ಡ್ರಮ್ಮುಗಳಿಗೆ ತುಂಬಿದೆವು. ಕಾಲುವೆಯನ್ನು ಕಲ್ಲು ಗಾರೆಯಿಂದ ಮುಚ್ಚಿಸಿ, ನೆಲ ಪೂರ್ತಿ ಹೊಸದಾಗುವವರೆಗೆ ಡ್ರಮ್ಮುಗಳನ್ನು ಬೇರೆಡೆಗೆ ಸಾಗಿಸಿದೆವು. ಬಾವಿಯ ನೀರು ಪರೀಕ್ಷೆಗೆ ಹೋಗಿ, ದೋಷವಿಲ್ಲ ಎಂಬ ಮಾತು ಬಂತು. ನಾನೇ ಹೋಗಿ ಹಗ್ಗ ಏರಿಸಿದೆ.

ಓಣಿಯ ಹೆಂಗಸರೆಲ್ಲ ಬಂದಿದ್ದರು. ಯಾರೂ ಮುಂದೆ ಬರಲಿಲ್ಲ. ಕೊನೆಗೆ ತಂಗೆವ್ವ ಕೊಡ ಇಳಿಸಿ ಸೇದಿದಳು. ಕಟ್ಟೆಯ ಮೇಲಿಟ್ಟ ಕೊಡದೊಳಗೆ ಒಬ್ಬೊಬ್ಬರಾಗಿ ಬಾಗಿ ನೋಡಿದರು. ನಾನೂ ನೋಡಿದೆ. ನೀರು ತಿಳಿಯಾಗಿತ್ತು, ಯಾವಾಗಲೂ ಇದ್ದಷ್ಟೇ ತಿಳಿ. ಅದನ್ನು ನಂಬುವುದು ಹೇಗೆಂದು ತಿಳಿಯದೆ ನಾವೆಲ್ಲ ಅದರ ಸುತ್ತ ಸುಮ್ಮನೆ ನಿಂತಿದ್ದೆವು.